ಬೀಜದ ಹೋರಿ ಕೊಡುವ ಭರವಸೆ

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಳ್ಳಿಕಾರ್ ರಾಸು ಕೊಳ್ಳಲು ಬಂದವರ ಕಣ್ಣು ಕೊಂಬು, ಗೊರಸು, ಗಂಗೆದೊಗಲು, ಬಾಲ, ಮೈಮೇಲಿನ ಸುಳಿ ಎಲ್ಲವನ್ನೂ ಸವರಿಕೊಂಡು ಹೋಗುತ್ತದೆ. ಸುಳಿಯ ಶುಭಾಶುಭ ನಂಬುವುದು ಬಿಡುವುದು ಅವರವರ ಇಷ್ಟ. ಆದರೆ ಬೀಜದ ಹೋರಿಯನ್ನು ಆರಿಸುವಾಗ ಈ ಪರೀಕ್ಷೆಗೆಲ್ಲ ಒಂದು ಅರ್ಥವಿದೆ: ಇದರ ಗುಣ ಕರುವಿಗೆ ಇಳಿದೀತೇ?

ತಲೆಮಾರುಗಳ ಕಾಲ ತನ್ನೊಳಗೇ ಬೆಳೆದು, ಆಯ್ಕೆಯಾಗುತ್ತ ಬಂದ ತಳಿಯಲ್ಲಿ ವಂಶವಾಹಿಗಳು ಬಹುಮಟ್ಟಿಗೆ ಒಂದೇ ಬಗೆಯವು. ಹೋರಿಯಿಂದ ಅವುಗಳಲ್ಲಿ ಯಾವ ಅರ್ಧ ಕರುವಿಗೆ ಹೋದರೂ ಚಹರೆ, ಚುರುಕು, ಬಿಸಿಲು ತಡೆಯುವ ಶಕ್ತಿ ಹೆಚ್ಚುಕಡಿಮೆ ಸಾಗುತ್ತವೆ. ಬೆರಕೆ ಹೋರಿ ನೋಡಲು ಇನ್ನೂ ಗಟ್ಟಿಮುಟ್ಟಾಗಿರಬಹುದು. ಅದರ ಕರು ಹೇಗಿರುತ್ತದೆಂದು ಹೇಳುವುದು ಕಷ್ಟ.

ನಾಟಿ ಹಸುವಿಗೆ ಜೆರ್ಸಿಯನ್ನೋ ಎಚ್‌ಎಫ್ (ಹೋಲ್‌ಸ್ಟೀನ್) ಅನ್ನೋ ಕೊಡಿಸಿದಾಗ ಹುಟ್ಟುವ ಮೊದಲ ತಲೆಮಾರು ಸೊಗಸಾಗಿರುತ್ತದೆ. ಹಾಲೂ ಉಂಟು, ತಾಳಿಕೆಯೂ ಉಂಟು. ಆ ಮಿಶ್ರತಳಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಬೆರಕೆಯ ಹುರುಪು ಅರ್ಧಕ್ಕಿಳಿದು, ಕರುಗಳು ಒಂದೊಂದು ಒಂದೊಂದು ಥರ ಆಗುತ್ತವೆ. ಹೈಬ್ರಿಡ್ ಜೋಳದ ಬೀಜವನ್ನು ರೈತ ಮರುವರ್ಷಕ್ಕೆ ಎತ್ತಿಡದಿರುವುದು ಇದೇ ಕಾರಣಕ್ಕೆ. ಅತ್ತ ಸೀಮೆ ರಕ್ತವನ್ನೇ ಏರಿಸುತ್ತ ಹೋದರೆ ಬಿಸಿಲು, ಉಣುಗು, ಥೈಲೇರಿಯಾ ಜ್ವರಗಳ ಕಾಟ. ಅಂದರೆ ಒಳ್ಳೆಯ ಬೆರಕೆ ಬೇಕೆನ್ನುವವರಿಗೂ ಎರಡೂ ಕಡೆ ಶುದ್ಧ ತಳಿ ಉಳಿದಿರಲೇಬೇಕು.

ಮೈಸೂರು ಸೀಮೆಗೆ ಈ ಪಾಠ ಹಳೆಯದು. ಒಡೆಯರ ‘ಬೆಣ್ಣೆ ಚಾವಡಿ’ಯ ದನಗಳು ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಆದವು. ಕಾವಲುಗಳಲ್ಲಿ ಮೇದು ಬೆಳೆದ ಅದರ ಎತ್ತುಗಳು ಫಿರಂಗಿ ಎಳೆದವು. 1860ರಲ್ಲಿ ಬ್ರಿಟಿಷ್ ಆಡಳಿತ ಖರ್ಚು ಉಳಿಸಲು ಮಂದೆಯನ್ನು ಮಾರಿಹಾಕಿತು. ಸೈನ್ಯಕ್ಕೆ ಎತ್ತಿನ ಕೊರತೆಯ ಬಿಸಿ ತಟ್ಟಿದ ಮೇಲೆ, 1866ರಲ್ಲಿ, ಮತ್ತೆ ಮಂದೆ ಕಟ್ಟಲು ಹೊರಟರು. ಉತ್ತಮ ರಾಸುಗಳು ಇನ್ನೂ ಸಿಗುವಂತಿದ್ದುದರಿಂದ ಅದು ಸಾಧ್ಯವಾಯಿತು. ಇಂದು ಅಜ್ಜಂಪುರದ ಸಂವರ್ಧನಾ ಕೇಂದ್ರದಲ್ಲಿರುವುದು ಆ ಪರಂಪರೆಯೇ.

ಹಾಗೆಂದು ಶುದ್ಧತೆಯೊಂದನ್ನೇ ಪೂಜಿಸುತ್ತ ಕೂತರೆ ತಳಿ ಮೇಲೇಳುವುದಿಲ್ಲ. ಒಂದೇ ಹೋರಿಯನ್ನು ವರ್ಷಗಟ್ಟಲೆ ಊರಿನಲ್ಲಿಟ್ಟುಕೊಂಡು ಅದರ ಮಗಳಿಗೂ ಅದನ್ನೇ ಬಿಟ್ಟರೆ ಕರುಗಳು ಸೊರಗುತ್ತವೆ. ಬಣ್ಣ ಚೂರು ಬೇರೆಯೆಂದು ಒಳ್ಳೆಯ ಹಸುವನ್ನು ಹೊರಹಾಕುವುದಂತೂ ಶುದ್ಧ ಹುಂಬತನ. ಬ್ರೆಜಿಲ್‌ನವರು ಗುಜರಾತಿನ ಗಿರ್ ಒಯ್ದು ಸುಮ್ಮನಿರಲಿಲ್ಲ. 1985ರಿಂದ ಹೋರಿಗಳ ಹೆಣ್ಣುಕರುಗಳು ಬೆಳೆದು ಕೊಟ್ಟ ಹಾಲನ್ನು ಅಳೆದು, ಆ ಲೆಕ್ಕದ ಮೇಲೆ ಹೋರಿಗಳನ್ನು ಆರಿಸುತ್ತ ಬಂದರು. ಎಂಟರಲ್ಲಿ ಐದು ಪಾಲು ಹೋಲ್‌ಸ್ಟೀನ್, ಮೂರು ಪಾಲು ಗಿರ್ ಇರುವ ಅವರ ಗಿರೊಲಾಂಡೊ ತಳಿಗೂ ಈ ಗಿರ್ ಮಂದೆಯೇ ಬೇರು.

ನಮ್ಮಲ್ಲೀಗ ಇನ್ನೊಂದು ವಿಚಿತ್ರ. ದೇಸಿ ಹಸುವಿನದೆಂದು ಮಾರುವ ಎ2 ಹಾಲಿನ ಭರಾಟೆಯಲ್ಲಿ ‘ದೇಸಿ’ ಎಂಬ ಹೆಸರಿಗೆ ಮರುಳಾಗಿ ಮಲೆನಾಡು ಗಿಡ್ಡಕ್ಕೂ ಹಳ್ಳಿಕಾರ್‌ಗೂ ಗಿರ್, ಸಾಹಿವಾಲ್ ಇಂಜೆಕ್ಷನ್ ಕೊಡಿಸುವವರಿದ್ದಾರೆ. ಮಲೆನಾಡು ಗಿಡ್ಡದ ಮಟ್ಟಿಗೆ ಗಿರ್ ಕೂಡ ಜೆರ್ಸಿಯಷ್ಟೇ ಹೊರಗಿನದು. ಮೂರಡಿ ಎತ್ತರದ ಆಸುಪಾಸಿನ, ಮಳೆಯಲ್ಲಿ ನೆನೆಯುತ್ತ ಗುಡ್ಡ ಮೇಯುವ ಹಸುವಿಗೆ ದೊಡ್ಡ ಜಾತಿಯ ಕರು ಹೊರಿಸಿದರೆ ಈಯುವಾಗಿನ ಸಂಕಟ ಅದಕ್ಕೇ ಗೊತ್ತು. 2012ರಲ್ಲಿ ತಳಿಯೆಂದು ನೋಂದಣಿಯಾದ ಈ ಗಿಡ್ಡವನ್ನು ದೇಸಿ ಪ್ರೇಮವೇ ಕರಗಿಸಿಬಿಡಬಹುದು.

ಬೆದೆಗೆ ಬಂದ ಹಸುವಿಗೆ ಅದರದೇ ತಳಿಯ ವೀರ್ಯದ ನಳಿಕೆ ಕೇಳಿ ಹಾಕಿಸುವುದು ರೈತರ ಕೈಯಲ್ಲಿದೆ. ಯಾವ ಹೋರಿಯ ಕರು, ತಾಯಿ ಎಷ್ಟು ಹಾಲು ಕೊಟ್ಟಿತು, ಎಷ್ಟು ದಿನಕ್ಕೆ ಮತ್ತೆ ಗಬ್ಬವಾಯಿತು ಎಂಬ ಲೆಕ್ಕ ಇಡಿಸುವುದು ಇಲಾಖೆಯ ಕೆಲಸ. ಹಸುವಿನ ಕಿವಿಗೆ 12 ಅಂಕಿಯ ಬಿಲ್ಲೆಯಂತೂ ಬಿದ್ದಿದೆ. ಅದರ ಹಿಂದೆ ಬರೆದಿಡಬೇಕಾದದ್ದು ಈ ಮೂರು ಸಾಲು.