ಗೊಗೋಲನ ಸಾಹೇಬ, ಹಾನಗಲ್ಲಿನ ಖಾನಾವಳಿ

ವಿದ್ಯಾರ್ಥಿಗಳೇ ಕಟ್ಟುವ ನಾಟಕಕ್ಕೆ ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಹಳೆಯ ಕೃತಿಯೊಂದರ ಕಥೆಯ ಎಳೆ ಹಿಡಿದು ಮಾತು, ನಡೆ, ದೃಶ್ಯಗಳನ್ನು ತಂಡವೇ ತಾಲೀಮಿನಲ್ಲಿ ಹುಡುಕಿಕೊಳ್ಳುತ್ತದೆ. ಹಾಗಾಗಿ ಆರಿಸಿಕೊಳ್ಳುವ ಕೃತಿಯ ಕಥೆ ಗಟ್ಟಿಯಾಗಿರಬೇಕು. ನಿಕೊಲಾಯ್ ಗೊಗೋಲನ ‘ಇನ್‌ಸ್ಪೆಕ್ಟರ್ ಜನರಲ್’ ಅಂಥ ನಾಟಕ. 1836ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅದು ಮೊದಲು ರಂಗಕ್ಕೆ ಬಂದಾಗ ಚಕ್ರವರ್ತಿ ಒಂದನೆಯ ನಿಕೊಲಾಯ್ ಸಭೆಯಲ್ಲಿದ್ದ.

ಕಥೆ ಸರಳ. ರಾಜಧಾನಿಯಿಂದ ತಪಾಸಣಾಧಿಕಾರಿಯೊಬ್ಬ ಗುಟ್ಟಾಗಿ ಬರುತ್ತಿದ್ದಾನೆಂಬ ಸುದ್ದಿ ಸಣ್ಣ ಊರೊಂದರ ಅಧಿಕಾರಿಗಳ ನಿದ್ದೆಗೆಡಿಸುತ್ತದೆ. ಇಸ್ಪೀಟಿನಲ್ಲಿ ಹಣ ಕಳೆದುಕೊಂಡು ವಸತಿಗೃಹದಲ್ಲಿ ಬಿದ್ದಿರುವ ಖ್ಲೆಸ್ತಕೋವ್ ಎಂಬ ಪುಡಿ ಗುಮಾಸ್ತನನ್ನೇ ಅವರು ಆ ಸಾಹೇಬನೆಂದು ನಂಬುತ್ತಾರೆ. ಅವನು ಮೋಸ ಮಾಡಲು ಹೊಂಚು ಹಾಕಿ ಬಂದವನಲ್ಲ. ಅವನನ್ನು ಸಾಹೇಬನನ್ನಾಗಿ ಮಾಡುವುದು ಊರಿನವರ ಭಯ. ಹೊಸದಾಗಿ ಕಟ್ಟುವ ತಂಡಗಳು ಎಡವುವುದು ಇಲ್ಲಿಯೇ. ಅವನನ್ನು ಚಾಲಾಕಿ ಕಳ್ಳನನ್ನಾಗಿಸಿದರೆ ತಪ್ಪೆಲ್ಲ ಅವನ ತಲೆಗೆ ಹೋಗಿ, ಅಧಿಕಾರಿಗಳು ಪಾರಾಗುತ್ತಾರೆ.

ಈ ನಾಟಕವನ್ನು ವಿದ್ಯಾರ್ಥಿಗಳ ಕೈಗಿಡುವ ಕ್ರಮವನ್ನು ಕಾನ್‌ಸ್ಟಂಟಿನ್ ಸ್ತಾನಿಸ್ಲಾವ್ಸ್ಕಿ ತೋರಿಸಿಕೊಟ್ಟಿದ್ದಾನೆ. ಅವನ ನಿಧನಾನಂತರ ಪ್ರಕಟವಾದ, ಪಾತ್ರ ಕಟ್ಟುವ ಬಗೆಯ ಪುಸ್ತಕದಲ್ಲಿ ಒಂದು ಭಾಗ ಪೂರ್ತಿ ಇದೇ ನಾಟಕದ ಮೇಲಿದೆ. ಅಲ್ಲಿ ತರ್ತ್ಸೋವ್ ಎಂಬ ಗುರು ಮಾತು ಬಾಯಿಪಾಠ ಮಾಡಿಸುವುದಿಲ್ಲ. ಖ್ಲೆಸ್ತಕೋವ್ ಕೋಣೆಗೆ ಬರುವ ದೃಶ್ಯವನ್ನು ತಮ್ಮದೇ ಮಾತಿನಲ್ಲಿ ಆಡಲು ಹೇಳುತ್ತಾನೆ. ಎಲ್ಲಿಂದ ಬಂದೆ, ಎಷ್ಟು ಹಸಿದಿದ್ದೀಯೆ, ಕೈ ಬರಿದಾಗಿರುವಾಗ ಬಾಗಿಲು ಹೇಗೆ ತೆರೆಯುತ್ತೀಯೆ ಎಂಬಂಥ ಪ್ರಶ್ನೆಗಳಿಂದ ಪಾಠ ಶುರುವಾಗುತ್ತದೆ. ಮೊದಲು ಕ್ರಿಯೆ, ಆಮೇಲೆ ಮಾತು.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗೆ ಈ ಕ್ರಮ ಹೊರಗಿನದೆನಿಸಬೇಕಿಲ್ಲ. ಉತ್ತರ ಕರ್ನಾಟಕದ ಸಣ್ಣಾಟದಲ್ಲಿ ಹಾಡುಗಳು ಗಟ್ಟಿ. ನಡುವಿನ ಮಾತನ್ನು ಕಲಾವಿದರು ಸ್ಥಳದಲ್ಲೇ ಹೆಣೆಯುತ್ತಾರೆ. ಹಾನಗಲ್ ತಾಲ್ಲೂಕಿನ ಶೇಷಗಿರಿ ಗ್ರಾಮ ಹವ್ಯಾಸಿ ನಾಟಕಗಳಿಗೆ ಹೆಸರಾಗಿದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿಯೇ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಟಿ.ಬಿ. ಸೊಲಬಕ್ಕನವರ ದೊಡ್ಡಾಟದ ಉಳಿವಿಗಾಗಿ ದುಡಿದರು. ಸಣ್ಣಾಟಕ್ಕೆ ಹಾಡು ಹೇಗೋ, ವಿದ್ಯಾರ್ಥಿಗಳ ನಾಟಕಕ್ಕೆ ಗೊಗೋಲನ ಕಥಾನಕ ಹಾಗೆ.

ಕಥಾನಕ ಉಳಿಸಿಕೊಂಡರೆ ವಿವರಗಳೆಲ್ಲ ಈ ನೆಲದ್ದಾಗಬಹುದು. ಗೊಗೋಲನ ನ್ಯಾಯಾಧೀಶ ಬೇಟೆನಾಯಿಯ ಮರಿಗಳನ್ನು ತೆಗೆದುಕೊಂಡು, ಅದು ಲಂಚದ ಲೆಕ್ಕಕ್ಕೆ ಬಾರದು ಎನ್ನುತ್ತಾನೆ. ಆ ಜಾಗಕ್ಕೆ ಹಾನಗಲ್ಲಿನ ಆಪೂಸು ಮಾವಿನ ಪೆಟ್ಟಿಗೆಯೋ ಸವಣೂರಿನ ವೀಳ್ಯದೆಲೆಯ ಕಟ್ಟೋ ಬರಬಹುದು. ವಸತಿಗೃಹ ಖಾನಾವಳಿಯಾದರೆ ಮಾಲೀಕನ ಮಾತು ತಾನಾಗಿ ಹುಟ್ಟುತ್ತದೆ: ‘ಮೊದ್ಲ ಹಳೇ ಉದ್ರಿ ತೀರಸ್ರಿ, ಆಮ್ಯಾಲ ತಾಟು.’ ಇದಾದ ಮೇಲೆ ಊರಿನ ಮುಖ್ಯಾಧಿಕಾರಿ ಅಲ್ಲಿಗೆ ಬರುವ ದೃಶ್ಯವೇ ನಾಟಕದ ಜೀವಾಳ. ಸಾಲಕ್ಕಾಗಿ ತನ್ನನ್ನು ಹಿಡಿದೊಯ್ಯಲು ಬಂದರೆಂದು ಖ್ಲೆಸ್ತಕೋವ್ ಹೆದರಿ ಕೂಗಾಡುತ್ತಾನೆ. ಆ ಕೂಗಾಟವನ್ನೇ ದರ್ಪವೆಂದು ತಿಳಿದು ಅಧಿಕಾರಿ ನಡುಗುತ್ತಾನೆ. ಇಬ್ಬರೂ ಹೆದರಿದ್ದರೆ ಮಾತ್ರ ನಗು ಹುಟ್ಟುತ್ತದೆ.

ಎಲ್ಲ ವಿವರಗಳೂ ಸಲೀಸಾಗಿ ಬದಲಾಗವು. ಮೂಲದಲ್ಲಿ ಅಂಚೆ ಅಧಿಕಾರಿ ಖ್ಲೆಸ್ತಕೋವನ ಪತ್ರ ಒಡೆದು ಓದಿದಾಗ ನಿಜ ಬಯಲಾಗುತ್ತದೆ. ಮೊಬೈಲ್ ಕಾಲದಲ್ಲಿ ಅದಕ್ಕೆ ಬದಲಿ ಬೇಕು. ವಾಟ್ಸ್ಆ್ಯಪ್ ಗುಂಪಿಗೆ ತಪ್ಪಿ ಬಂದ ಧ್ವನಿ ಸಂದೇಶ ಆಗಬಹುದಾದರೂ, ಪರರ ಪತ್ರ ಕದ್ದು ಓದುವ ಅಧಿಕಾರಿಯ ಚಾಳಿ ಅದರಲ್ಲಿ ಕಳೆದುಹೋಗುತ್ತದೆ. ಅದನ್ನು ಬೇರೆಡೆ ತುಂಬಿಕೊಳ್ಳಬೇಕಾಗುತ್ತದೆ.

ಕೊನೆಯ ದೃಶ್ಯದಲ್ಲಿ ನಿಜವಾದ ಅಧಿಕಾರಿ ಬಂದ ಸುದ್ದಿ ತಿಳಿದು ಎಲ್ಲರೂ ಕಲ್ಲಾಗುತ್ತಾರೆ. ಆ ಸ್ತಬ್ಧತೆ ಸುಮಾರು ಒಂದೂವರೆ ನಿಮಿಷ ಇರಬೇಕೆಂದು ಗೊಗೋಲ್ ಸೂಚಿಸಿದ್ದಾನೆ. ಸಣ್ಣಾಟ, ದೊಡ್ಡಾಟಗಳಂಥ ಬಯಲಾಟ ಮಂಗಳದೊಂದಿಗೆ ಮುಗಿಯುತ್ತದೆ; ಇಲ್ಲಿ ಮಂಗಳ ಹಾಡಿದರೆ ಅಧಿಕಾರಿಗಳಿಗೂ ಪ್ರೇಕ್ಷಕರಿಗೂ ಬಿಡುಗಡೆ ಸಿಕ್ಕಿಬಿಡುತ್ತದೆ. ನಾಟಕದ ಉದ್ದೇಶ ಅದಲ್ಲವಾದ್ದರಿಂದ, ಸಣ್ಣಾಟದಿಂದ ಆಶುಮಾತನ್ನು ಪಡೆದ ತಂಡ ಮುಕ್ತಾಯವನ್ನು ಮಾತ್ರ ಗೊಗೋಲನಿಂದಲೇ ಪಡೆಯುವುದು ಸರಿ.