ಬಳಕೆಯ ವೇಳೆ ವಾಲ್ವ್ ಮೈಕ್ ಬಿಸಿಯಾಗುವುದು: ಸಾರ್ವಜನಿಕರಿಗೆ ಮಾಹಿತಿ

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಲ್ಲಿ ಜಾತ್ರೆ, ನಾಟಕ, ಭಜನೆ ಮುಂತಾದ ಕಾರ್ಯಕ್ರಮಗಳಿಗೆ ಧ್ವನಿವರ್ಧಕದ ಅನುಮತಿ ಕೋರುವ ಹಾಗೂ ಗಾಯನವನ್ನು ಧ್ವನಿಮುದ್ರಿಸಿಕೊಳ್ಳುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮೈಕ್ ಬಿಸಿಯಾದಲ್ಲಿ ಅದು ಸಹಜವೋ ದೋಷವೋ ಎಂಬುದು ಮೈಕ್‌ನ ಬಗೆಯನ್ನು ಅವಲಂಬಿಸಿರುತ್ತದೆ.

1. ಬಿಸಿಯಾಗಲು ಕಾರಣ
ಹಳೆಯ ವಾಲ್ವ್ ರೇಡಿಯೋಗಳಲ್ಲಿದ್ದಂತೆ ವಾಲ್ವ್ ಮೈಕ್‌ನೊಳಗೂ ನಿರ್ವಾತ ನಳಿಕೆಯೊಂದು ಇರುತ್ತದೆ. ಅದರೊಳಗಿನ ತಂತು ಕೆಂಪಗೆ ಕಾದಾಗ ಮಾತ್ರ ಎಲೆಕ್ಟ್ರಾನ್‌ಗಳು ಹೊರಹೊಮ್ಮಿ, ಕ್ಷೀಣವಾದ ಧ್ವನಿಸಂಕೇತವು ವರ್ಧನೆಗೊಳ್ಳುತ್ತದೆ. ಉದಾಹರಣೆಗೆ, 1960ರಲ್ಲಿ ಬಂದ ನಾಯ್‌ಮನ್ ಯು 67 ಮೈಕ್‌ನ ಇಎಫ್ 86 ವಾಲ್ವ್‌ನ ತಂತು 6.3 ವೋಲ್ಟ್‌ನಲ್ಲಿ 0.2 ಆಂಪಿಯರ್, ಅಂದರೆ ಸುಮಾರು 1.26 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ಯಾರೂ ಮಾತನಾಡದಿದ್ದರೂ ಈ ಶಾಖ ಉಂಟಾಗುತ್ತಲೇ ಇರುತ್ತದೆ. ಆದುದರಿಂದ ಮೈಕ್‌ನ ಕವಚ ಬೆಚ್ಚಗಾಗುವುದು ಸಹಜ.

2. ದೋಷದ ಲಕ್ಷಣಗಳು
ಸಭೆ ಸಮಾರಂಭಗಳಲ್ಲಿ ಸಾಮಾನ್ಯವಾಗಿ ಬಳಸುವ, ತಂತಿ ಜೋಡಿಸಿದ ಡೈನಮಿಕ್ ಮೈಕ್‌ನಲ್ಲಿ ವಾಲ್ವ್ ಇರುವುದಿಲ್ಲ. ಅದು ತಾನಾಗಿ ಬಿಸಿಯಾಗತಕ್ಕದ್ದಲ್ಲ. ವಾಲ್ವ್ ಮೈಕ್ ಕೈಯಿಡಲಾಗದಷ್ಟು ಕಾದರೆ, ಯಾವುದೇ ಮೈಕ್‌ನಿಂದ ಸುಟ್ಟ ವಾಸನೆ ಬಂದರೆ ಅಥವಾ ಮುಟ್ಟಿದಾಗ ಜುಮ್ಮೆಂದರೆ, ಮತ್ತೆ ಅದನ್ನು ಮುಟ್ಟದೆ ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು. ಇದು ಜೀವಕ್ಕೆ ಅಪಾಯಕಾರಿ. ಪರಿಣತರಿಂದ ದುರಸ್ತಿಯಾಗುವವರೆಗೆ ಆ ಉಪಕರಣವನ್ನು ಬಳಸಬಾರದು.

3. ಅನುಸರಿಸಬೇಕಾದ ಕ್ರಮಗಳು
ಅ) ಧ್ವನಿಮುದ್ರಣಕ್ಕೆ ಮುನ್ನ ವಾಲ್ವ್ ಮೈಕ್ ಅನ್ನು 15ರಿಂದ 20 ನಿಮಿಷ ಚಾಲನೆಯಲ್ಲಿಟ್ಟು ಸ್ಥಿರಗೊಳಿಸುವುದು.
ಆ) ಚಾಲನೆಯಲ್ಲಿರುವಾಗ ಮೈಕ್ ಅಥವಾ ಅದರ ವಿದ್ಯುತ್ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಬಾರದು, ಗಾಳಿಯಾಡಲು ಸ್ಥಳವಿರಬೇಕು.
ಇ) ವಾಲ್ವ್‌ಗೆ ನೂರು ವೋಲ್ಟ್‌ಗೂ ಮೀರಿದ ವಿದ್ಯುತ್ ಹರಿಯುವುದುಂಟು. ಆದ್ದರಿಂದ ಚಾಲನೆಯಲ್ಲಿರುವಾಗ ಕೇಬಲ್ ಕೀಳಬಾರದು, ಕವಚ ಬಿಚ್ಚಬಾರದು. ಅರ್ಥಿಂಗ್ ಸರಿಯಿರುವುದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು.
ಈ) ಬಳಕೆಯ ನಂತರ ಪೂರ್ಣವಾಗಿ ಆರಿದ ಮೇಲೆಯೇ ಪೆಟ್ಟಿಗೆಯಲ್ಲಿಡುವುದು.
ಉ) ಮಳೆಗಾಲದಲ್ಲಿ ತೇವಾಂಶದಿಂದ ಚಟಪಟ ಸದ್ದು ಬರಬಹುದು. ಮೈಕ್ ಅನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಒಣ ಪೆಟ್ಟಿಗೆಯಲ್ಲಿ ಇರಿಸುವುದು.

4. ಅರ್ಜಿದಾರರ ಗಮನಕ್ಕೆ
ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರನ್ವಯ ಧ್ವನಿವರ್ಧಕ ಬಳಕೆಗೆ ಸಂಬಂಧಪಟ್ಟ ಪ್ರಾಧಿಕಾರದ ಲಿಖಿತ ಅನುಮತಿ ಕಡ್ಡಾಯ. ಮುಚ್ಚಿದ ಸಭಾಂಗಣದೊಳಗಿನ ಬಳಕೆ, ಸಾರ್ವಜನಿಕ ತುರ್ತು ಸಂದರ್ಭ ಹಾಗೂ ಸರ್ಕಾರವು ನಿರ್ದಿಷ್ಟ ದಿನಗಳಿಗೆ ನೀಡುವ ಸಡಿಲಿಕೆಯನ್ನು ಹೊರತುಪಡಿಸಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಕೆಗೆ ಅವಕಾಶವಿರುವುದಿಲ್ಲ. ಅನುಮತಿ ಪತ್ರವು ಉಪಕರಣದ ಸುರಕ್ಷತೆಗೆ ಖಾತರಿಯಲ್ಲ. ಅದನ್ನು ಪರೀಕ್ಷಿಸಿಕೊಳ್ಳುವ ಹೊಣೆ ಸಂಘಟಕರದ್ದಾಗಿರುತ್ತದೆ.