ಕೋಳಿಮರಿಯ ಕಣ್ಣು ಮತ್ತು ಜೀವಕೋಶಗಳ ನಂಟು

ಮುಂಬಯಿಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದವರಿಗೆ ಸೂಕ್ಷ್ಮದರ್ಶಕದಡಿ ನೋಡಿದ ಕೋಳಿಭ್ರೂಣದ ಸ್ಲೈಡುಗಳು ನೆನಪಿರಬಹುದು. 33 ಗಂಟೆಗಳ ಭ್ರೂಣದಲ್ಲಿ ಮಿದುಳಿನ ಇಕ್ಕೆಲಗಳಲ್ಲಿ ಎರಡು ಉಬ್ಬುಗಳು ಕಾಣುತ್ತವೆ. 48 ಗಂಟೆಗಳ ಸುಮಾರಿಗೆ ಆ ಉಬ್ಬು ಒಳಬಾಗಿ ಬಟ್ಟಲಿನ ಆಕಾರ ತಳೆಯುತ್ತದೆ. ಎದುರಿನ ಹೊರಪದರ ಮಸೂರವಾಗತೊಡಗುತ್ತದೆ. ಬಟ್ಟಲಿನ ಒಳಪದರವೇ ಮುಂದೆ ಅಕ್ಷಿಪಟಲವಾಗುತ್ತದೆ.

ಈ ಮಡಿಕೆಗಳ ನಡುವೆ ಜೀವಕೋಶಗಳು ಚದುರಿಹೋಗದಿರುವುದು ಹೇಗೆ? ಅವುಗಳನ್ನು ಬೆಸೆಯುವವು ಕ್ಯಾಡ್‌ಹೆರಿನ್ ಎಂಬ ಪ್ರೋಟೀನುಗಳು. ಕ್ಯಾಲ್ಸಿಯಂ ಇಲ್ಲವಾದರೆ ಇವುಗಳ ಹಿಡಿತ ಸಡಿಲುತ್ತದೆ. ಒಂದೇ ಬಗೆಯ ಕ್ಯಾಡ್‌ಹೆರಿನ್ ಉಳ್ಳ ಕೋಶಗಳು ಪರಸ್ಪರ ಕೂಡಿಕೊಳ್ಳುತ್ತವೆ. ಜಪಾನಿನ ವಿಜ್ಞಾನಿಗಳಾದ ಹತ್ತಾ ಹಾಗೂ ತಾಕೆಯಿಚಿ 1986ರಲ್ಲಿ ಕೋಳಿಭ್ರೂಣವನ್ನೇ ಪರೀಕ್ಷಿಸಿ, ಹೊರಪದರದಿಂದ ಅಂಗಾಂಶವೊಂದು ಬೇರ್ಪಡುವ ಹಂತದಲ್ಲಿ ಈ ಪ್ರೋಟೀನಿನ ಬಗೆಯೂ ಬದಲಾಗುವುದನ್ನು ತೋರಿಸಿದರು.

ಇನ್ನೊಂದು ಬಗೆಯ ನಂಟೂ ಇದೆ. ಮಸೂರದೊಳಗೆ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ಆದ್ದರಿಂದ ಕನೆಕ್ಸಿನ್ ಪ್ರೋಟೀನುಗಳಿಂದಾದ ಸೂಕ್ಷ್ಮ ನಾಳಗಳ ಮೂಲಕ ಲವಣ ಹಾಗೂ ಪೋಷಕಾಂಶಗಳು ನೆರೆಮನೆಗೆ ಸಾಗುವಂತೆ ಕೋಶದಿಂದ ಕೋಶಕ್ಕೆ ಸಾಗುತ್ತವೆ. ಕೋಳಿಯಲ್ಲಿಯೂ ಮನುಷ್ಯನಲ್ಲಿಯೂ ಇದೇ ಏರ್ಪಾಡು.

ಮನುಷ್ಯರಲ್ಲಿ ಕನೆಕ್ಸಿನ್‌ನ ವಂಶವಾಹಿ ದೋಷಪೂರಿತವಾದರೆ ಮಗು ಕಣ್ಣಿನ ಪೊರೆಯೊಂದಿಗೇ ಜನಿಸಬಹುದು. ಪೊರೆಯೆಂಬುದು ಕೇವಲ ಮುಪ್ಪಿನ ಕಾಯಿಲೆಯಲ್ಲ. ಶಿಶುವಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ, ದೊಡ್ಡದಾದ ಮೇಲೆ ಸರಿಹೋದೀತೆಂದು ಕಾಯದೆ ಕೂಡಲೇ ನೇತ್ರತಜ್ಞರಿಗೆ ತೋರಿಸಬೇಕು. ಮೊದಲ ವಾರಗಳಲ್ಲಿ ಸ್ಪಷ್ಟ ಬಿಂಬ ದೊರೆಯದಿದ್ದರೆ, ಮಿದುಳು ನೋಡುವುದನ್ನು ಕಲಿಯುವ ಅವಕಾಶವೇ ಕೈತಪ್ಪಬಹುದು.